ನಕ್ಷೆಯೊಳಗಿನ ಹಳ್ಳ

ವಿಜಯನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲೂ ಫ್ಯಾನು ಹಾಕುವಂತಿರಲಿಲ್ಲ. ಹಾಕಿದರೆ ಸೈನ್ಯ ಹಾರಿಹೋಗುತ್ತಿತ್ತು. ಉಗುರಿನಗಲದ ರಟ್ಟಿನ ಕಾಯಿಗಳು, ಒಂದೊಂದೂ ಒಂದು ಪಡೆ. ಅವನ್ನು ಚಿಮಟದಲ್ಲಿ ಎತ್ತಿ ನಕ್ಷೆಯ ಒಂದು ಮನೆಯಿಂದ ಇನ್ನೊಂದು ಮನೆಗೆ ಇಡುತ್ತಾ, ಬೆವರುತ್ತಾ, ನಾನೂ ನನ್ನ ಗೆಳತಿಯೂ ಭಾನುವಾರಗಳನ್ನು ಕಳೆಯುತ್ತಿದ್ದೆವು. ಈಗ ನೆನೆದರೆ ಆ ದಿನಗಳು ನಿಜಕ್ಕೂ ನಡೆದವೋ, ಊಟವಾದ ಮೇಲಿನ ಜೋಂಪಿನಲ್ಲಿ ಕಂಡವೋ ಎಂದು ಅನುಮಾನ ಬರುತ್ತದೆ.

ನಡೆದದ್ದಕ್ಕೆ ಸಾಕ್ಷಿ ಇದೆ. ಬೀರುವಿನಲ್ಲಿ ನಮ್ಮ ಪತ್ರಿಕೆಯ ಸಂಚಿಕೆಗಳಿವೆ. ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗೇ ಮೀಸಲಾದ, ಜೆರಾಕ್ಸ್ ಮಾಡಿ ಪಿನ್ನು ಹೊಡೆದ ಕನ್ನಡ ಪತ್ರಿಕೆ. ನಾನು ಸಂಪಾದಕಿ, ಕಾಲೇಜಿನಲ್ಲಿ ಗಣಿತ ಕಲಿಸುವವಳು. ಆಟದ ನಿಯಮ ಬರೆಯುವುದು ನನ್ನ ಪಾಲು. ಅವಳು ನಮ್ಮ ನಗರದಂಚಿನ ಉಲ್ಲಾಳದವಳು, ಒಬ್ಬ ಇಂಜಿನಿಯರರ ಆಫೀಸಿನಲ್ಲಿ ಲೇಔಟುಗಳ ಪ್ಲಾನ್ ಎಳೆಯುತ್ತಿದ್ದಳು. ನಮ್ಮ ರಣರಂಗಗಳೆಲ್ಲ ಅವಳ ಕೈಯಲ್ಲೇ ಹುಟ್ಟಿದವು. ಓದುಗರ ಪತ್ರಗಳು ಮಾತ್ರ "ಸಂಪಾದಕರಿಗೆ, ಸಾರ್" ಎಂದೇ ಬರುತ್ತಿದ್ದವು. ಇಬ್ಬರು ಹೆಂಗಸರು ಕೂತು ಕೋಟೆ ಮುತ್ತುತ್ತಿದ್ದಾರೆಂದು ಯಾರಿಗೂ ಹೊಳೆಯಲಿಲ್ಲ. ನಾವೂ ಬಾಯಿ ಬಿಡಲಿಲ್ಲ.

ಪ್ರತಿ ಸಂಚಿಕೆಯ ಜೊತೆ ಒಂದು ಆಟ. ನಕ್ಷೆಯ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು, ಉದ್ದಸಾಲಿಗೆ ಎರಡಂಕಿ, ಅಡ್ಡಸಾಲಿಗೆ ಎರಡಂಕಿಯಂತೆ ಪ್ರತಿ ಮನೆಗೂ ನಾಲ್ಕಂಕಿಯ ನಂಬರು. ಕಾಯಿಗಳನ್ನು ಹಾಳೆಯಲ್ಲಿ ಅಚ್ಚು ಮಾಡಿ ಕೊಡುತ್ತಿದ್ದೆವು. ಓದುಗರು ಅದನ್ನು ಹಳೆಯ ಲಗ್ನಪತ್ರಿಕೆಗೆ ಅಂಟಿಸಿ ಕತ್ತರಿಸಿಕೊಳ್ಳಬೇಕು. ಅಷ್ಟು ಗಟ್ಟಿ ರಟ್ಟು ಮನೆಮನೆಯಲ್ಲೂ ಬಿಟ್ಟಿ ಸಿಗುವುದು ಅದೊಂದೇ. ಅಮ್ಮನದು ಒಂದೇ ಷರತ್ತು: ಗಣಪತಿಯ ಚಿತ್ರಕ್ಕೆ ಕತ್ತರಿ ತಾಗಕೂಡದು. "ಮದುವೆ ಕಾಗದದಲ್ಲಿ ಯುದ್ಧ ಮಾಡ್ತೀರಲ್ರೇ," ಎನ್ನುತ್ತಾ ಕಾಫಿ ಇಟ್ಟು ಹೋಗುತ್ತಿದ್ದರು. ಸೋತ ಕಾಯಿಯನ್ನು ಮಗುಚಿದರೆ ಹಿಂದೆ ಅರಿಶಿನ ಹಚ್ಚಿದ ಮೂಲೆ, ಯಾರದೋ ಮುಹೂರ್ತದ ಅರ್ಧ ಸಾಲು ಕಾಣುತ್ತಿತ್ತು.

ಏಳನೆಯ ಸಂಚಿಕೆಯ ಆಟ ಒಂದು ಕಲ್ಪನೆಯ ಕೋಟೆಯ ಮುತ್ತಿಗೆ. ನಕ್ಷೆಯ ನಡುವೆ ಒಂದು ಹಳ್ಳ ದಿಬ್ಬವನ್ನು ಬಳಸಿಕೊಂಡು ಹರಿಯುತ್ತಿತ್ತು. ಅವಳು ಎಳೆದ ನಕ್ಷೆಗಳಲ್ಲೆಲ್ಲ ಚೆಲುವಾದದ್ದು ಅದೇ; ನೋಡುತ್ತಾ ಕೂತರೆ ನೀರಿನ ಸದ್ದು ಕೇಳಿದ ಹಾಗಾಗುತ್ತಿತ್ತು. ಸಂಚಿಕೆ ಹೋದ ಹದಿನೈದು ದಿನಕ್ಕೆ ಓದುಗರೊಬ್ಬರು ಬರೆದರು. ನಿಯಮದ ಪ್ರಕಾರ 0906ನೇ ಮನೆಯಲ್ಲಿ ನಿಂತ ಪಡೆಗೆ ಹಳ್ಳದ ರಕ್ಷಣೆ. ಆದರೆ ನಕ್ಷೆಯಲ್ಲಿ ಆ ಮನೆಯ ಹತ್ತಿರ ಹಳ್ಳವೇ ಇಲ್ಲವಲ್ಲ, ಸಾರ್?

ನನಗೆ ಮೂಗಿನ ತುದಿಯಲ್ಲೇ ಕೋಪ. ಜೊತೆಗೆ ಲೆಕ್ಕದ ಟೀಚರ್ ಎಂಬ ಗರ್ವ ಬೇರೆ. ನನ್ನ ಕೈಬರಹದ ಪುಸ್ತಕ ತೆರೆದು ನೋಡಲಿಲ್ಲ, ಅವಳನ್ನು ಒಂದು ಮಾತೂ ಕೇಳಲಿಲ್ಲ. ಎಂಟನೆಯ ಸಂಚಿಕೆಯ ತಿದ್ದುಪಡಿ ಪುಟದಲ್ಲಿ ಬರೆದುಬಿಟ್ಟೆ: "ನಕ್ಷೆ ಎಳೆದವರ ಅಜಾಗರೂಕತೆಯಿಂದ ಹಳ್ಳ ತಪ್ಪು ಜಾಗದಲ್ಲಿದೆ. ಓದುಗರು ಅದನ್ನು ಅಳಿಸಿ, ಮೂರು ಸಾಲು ಆಚೆಗೆ ಎಳೆದುಕೊಳ್ಳಬೇಕು."

ಅಚ್ಚಾಗಿ ಬಂದ ಆ ಪುಟವನ್ನು ಓದಿ ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಅಳಿಸಿ ಅಂತ ಬರ್ದಿದ್ದೀಯ," ಎಂದಳು. "ಇನ್ಮೇಲೆ ನಕ್ಷೆ ನೀನೇ ಎಳ್ಕೋ ಕಣೇ."

ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಎರಡು ದಿನದ ಮುನಿಸು, ಬಂದೇ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಒಂಬತ್ತನೆಯ ಸಂಚಿಕೆಯ ನಕ್ಷೆಯನ್ನು ನಾನೇ ಎಳೆದೆ. ಮನೆಗಳು ಒಂದಕ್ಕೊಂದು ಕೂಡಲೇ ಇಲ್ಲ. ಆ ಸಂಚಿಕೆಗೇ ಪತ್ರಿಕೆ ನಿಂತಿತು.

ಕೆಲವು ವರ್ಷ ಕಳೆದವು. ಹೋದ ಬೇಸಿಗೆಯಲ್ಲಿ ಹಳೆಯ ಓದುಗರೊಬ್ಬರು ವಾಟ್ಸಾಪಿನಲ್ಲಿ ಆ ಮುತ್ತಿಗೆಯ ಆಟ ಕೇಳಿದರು. ಕಳಿಸುವ ಮುನ್ನ ಆಡಿ ನೋಡೋಣವೆಂದು ಫ್ಯಾನು ಆರಿಸಿ, ಒಬ್ಬಳೇ ಎರಡೂ ಕಡೆಗೆ ಆಡುತ್ತಾ ಕೂತೆ. ಬೀದಿ ಮಲಗಿತ್ತು, ನನಗೂ ಕಣ್ಣು ಎಳೆಯುತ್ತಿತ್ತು. ಆ ಮಂಪರಿನಲ್ಲೇ ಕಂಡಿತು: ಹಳ್ಳ ಅವಳು ಎಳೆದ ಜಾಗದಲ್ಲಿದ್ದರೆ ದಿಬ್ಬದ ಬುಡದಲ್ಲಿ ಸುಮ್ಮನೆ ಹರಿದುಹೋಗುತ್ತದೆ, ನಾನು ಹೇಳಿದ ಜಾಗಕ್ಕೆ ಸರಿಸಿದರೆ ನೀರು ದಿಬ್ಬ ಹತ್ತಬೇಕು. ಕೈಬರಹದ ಪುಸ್ತಕ ತೆಗೆದೆ. ನನ್ನದೇ ಅಕ್ಷರದಲ್ಲಿ 0609 ಎಂದಿತ್ತು. ಅಚ್ಚಿಗೆ ಕೊಡುವಾಗ ಅಂಕಿಗಳನ್ನು ತಿರುವಿ 0906 ಮಾಡಿದವಳು ನಾನೇ.

ಫೋನ್ ಮಾಡಬಹುದಿತ್ತು. ಆದರೆ ಹತ್ತು ಜನರ ಮುಂದೆ ಆಡಿದ ಮಾತನ್ನು ಹತ್ತು ಜನರ ಮುಂದೆಯೇ ವಾಪಸು ಪಡೆಯಬೇಕು. ಹತ್ತನೆಯ ಸಂಚಿಕೆ ತಂದೆ: ಒಂದೇ ಹಾಳೆ, ತಪ್ಪು ನನ್ನದೆಂಬ ತಿದ್ದುಪಡಿ ಮಾತ್ರ. ಚಂದ್ರಾ ಲೇಔಟಿನಲ್ಲಿ ಜೆರಾಕ್ಸ್ ಮಾಡಿಸಿ, ಹಳೆಯ ವಿಳಾಸಗಳಿಗೆಲ್ಲ ಅಂಚೆಗೆ ಹಾಕಿ, ಅವಳ ಪ್ರತಿಯನ್ನೂ ಆ ನಕ್ಷೆಯನ್ನೂ ಬ್ಯಾಗಿನಲ್ಲಿಟ್ಟುಕೊಂಡು ಉಲ್ಲಾಳದ ಬಸ್ಸು ಹತ್ತಿದೆ. ಬಾಗಿಲು ತೆಗೆಯುತ್ತಾಳೋ ಇಲ್ಲವೋ ಎಂಬ ಹೆದರಿಕೆ ದಾರಿಯುದ್ದಕ್ಕೂ ಇತ್ತು.

ತೆಗೆದಳು. "ಬಾ," ಎಂದಳು, ಅಷ್ಟೇ. ಹಾಳೆ ಇಸಿದುಕೊಂಡು, ಕನ್ನಡಕ ಹಾಕಿಕೊಂಡು ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಪೆನ್ಸಿಲ್ ಹುಡುಕಿ ತಂದು ಒಂದು ಕಡೆ ಸುತ್ತು ಹಾಕಿದಳು.

"ಎಲ್ರಿಗೂ ಕಳ್ಸಿಬಿಟ್ಯಾ?"

"ಹೂಂ ಕಣೇ."

"0690 ಅಂತ ಬರ್ದಿದ್ದೀಯ. ಅಂಥ ಮನೆ ನಕ್ಷೇಲೇ ಇಲ್ಲ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳಿಗೆ ನಗು ಬಂತು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನಗು ನಿಂತರೂ ಕಣ್ಣೊರೆಸಿಕೊಳ್ಳುವುದು ನಿಲ್ಲಲಿಲ್ಲ.

"ನಂಬರ್ ಹಾಳಾಗ್ಲಿ ಬಿಡು. ಅದು ನಮ್ಮೂರ ಹಳ್ಳ ಕಣೇ. ಅಮ್ಮ ಅಲ್ಲೇ ಬಟ್ಟೆ ಒಗೀತಿದ್ರು. ಲೇಔಟ್ ಮಾಡುವಾಗ ಆಫೀಸಲ್ಲಿ ಅದನ್ನ ಪ್ಲಾನ್‌ನಿಂದ ಅಳಿಸಿದ್ದು ನಾನೇ. ನಿನ್ನ ಪತ್ರಿಕೇಲಾದ್ರೂ ಇರ್ಲಿ ಅಂತ ಎಳ್ದೆ. ನೀನು ಅಲ್ಲೂ ಅಳಿಸಿ ಅಂದೆ."

"ಎಲ್ಲಿತ್ತು, ತೋರಿಸ್ತೀಯಾ?" ಎಂದೆ.

ಬಿಸಿಲಲ್ಲಿ ನಕ್ಷೆ ಬಿಚ್ಚಿ ಹಿಡಿದು ಇಬ್ಬರೂ ಹೊರಟೆವು. ಸಾಲು ಮನೆಗಳು, ನಿಲ್ಲಿಸಿದ ಸ್ಕೂಟರುಗಳು, ಒಣಹಾಕಿದ ಸೀರೆಗಳು. ಅವಳು ಮುಂದೆ, ನಾನು ಹಿಂದೆ. ಒಂದು ಅಡ್ಡರಸ್ತೆಯಲ್ಲಿ ಟಾರು ಸ್ವಲ್ಪವೇ ತಗ್ಗಿತ್ತು. "ಇಲ್ಲಿಂದ ತಿರುಗ್ತಿತ್ತು," ಎಂದು ಕೈಯಲ್ಲಿ ಬಾಗು ತೋರಿಸಿದಳು. ಆ ತಗ್ಗಿನಲ್ಲಿ ಇಬ್ಬರೂ ಎಷ್ಟೋ ಹೊತ್ತು ನಿಂತಿದ್ದೆವು. ಕಾಲಿಗೆ ತಣ್ಣಗಾದಂತೆ ನನಗೆ ಅನ್ನಿಸಿತು, ಅವಳಿಗೆ ಹೇಳಲಿಲ್ಲ.

ಹನ್ನೊಂದನೆಯ ಸಂಚಿಕೆಯೂ ಒಂದೇ ಹಾಳೆ. ಈ ಸಲ ಅಂಚೆಗೆ ಹಾಕುವ ಮೊದಲು ನಂಬರನ್ನು ಅವಳಿಗೆ ತೋರಿಸಿದೆ. ಅದರಲ್ಲಿದ್ದದ್ದು ಇಷ್ಟು: "ಹಳ್ಳ 0609ನೇ ಮನೆಯ ಪಕ್ಕದಲ್ಲೇ ಇದೆ. ಯಾರೂ ಅಳಿಸಬಾರದು. ಸಂಪಾದಕಿ ಹೋಗಿ ನೋಡಿ ಬಂದಿದ್ದಾಳೆ."