ಫ್ರೀಜರಿನಲ್ಲಿ ಏಳು ಎಲೆ

ನಮ್ಮ ಅಶ್ವತ್ಥನಾರಾಯಣನವರ ವೃತ್ತಿ ಹುಳು ಕೊಲ್ಲುವುದು. ಸುಮ್ಮನೆ ಅಲ್ಲ, ಡಾಕ್ಟರೇಟ್ ಪಡೆದು ಕೊಲ್ಲುತ್ತಿದ್ದರು. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಅರವತ್ತೆಂಟರಲ್ಲಿ ನ್ಯೂಜೆರ್ಸಿಗೆ ಬಂದು, ಒಂದು ಕೀಟನಾಶಕ ಕಂಪನಿಯ ಲ್ಯಾಬಿನಲ್ಲಿ ಎಷ್ಟು ಹನಿಗೆ ಎಷ್ಟು ಹುಳು ಸಾಯುತ್ತವೆಂದು ದಿನವಿಡೀ ಬರೆದಿಡುತ್ತಿದ್ದರು. ಮನೆಗೆ ಬಂದರೆ ಪರಮ ಸಾತ್ವಿಕರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುತ್ತಿರಲಿಲ್ಲ.

ಹಿಲ್ಸ್‌ಬರೋದಲ್ಲಿ ಅವರದು ನಮ್ಮಿಂದ ಮೂರನೆಯ ಮನೆ. ಆ ಬೀದಿಯಲ್ಲಿ ಭಾರತೀಯರೆಂದರೆ ನಾವು ಎರಡೇ ಸಂಸಾರ. ಹೀಗಾಗಿ ಇಡೀ ದೇಶದ ಮಾನ ನಮ್ಮ ಎರಡು ಲಾನ್‌ಗಳ ಮೇಲೆ ನಿಂತಿದೆಯೆಂದು ನಾನು ನಂಬಿದ್ದೆ. ನನ್ನ ಲಾನ್ ಪ್ರತಿ ಶನಿವಾರ ತಪ್ಪದೆ ಕ್ಷೌರ ಮಾಡಿಸಿಕೊಳ್ಳುತ್ತಿತ್ತು.

ಅಮೆರಿಕದಲ್ಲಿ ಅವರಿಗಿದ್ದ ಕೊರಗು ಒಂದೇ. ರಥಸಪ್ತಮಿಯ ಸ್ನಾನಕ್ಕೆ ಎಕ್ಕದ ಎಲೆ ಸಿಗುವುದಿಲ್ಲ. ತಲೆಗೊಂದು, ಭುಜಕ್ಕೆರಡು, ಮಂಡಿಗೆರಡು, ಪಾದಕ್ಕೆರಡು, ಒಟ್ಟು ಏಳು. ಒಂದು ವರ್ಷ ಸ್ಪಿನಾಚ್ ಇಟ್ಟುಕೊಂಡು ಮಿಂದರು. ಉಳಿದ ಸೊಪ್ಪಿನಲ್ಲಿ ಅವರ ಹೆಂಡತಿ ಕೌಸಲ್ಯಾ ಹುಳಿ ಮಾಡಿದರು.

ಎಪ್ಪತ್ತೆರಡರ ಬೇಸಿಗೆಯಲ್ಲಿ ಅವರ ಕಾರು ಹೈವೇಯಲ್ಲಿ ಕೆಟ್ಟು ನಿಂತಿತು. ಪಕ್ಕದಲ್ಲಿದ್ದ ಕಾಡುಗಿಡದ ಎಲೆ ಕಿತ್ತರೆ ಬಿಳಿ ಹಾಲು ಸುರಿಯಿತು. ಮಿಲ್ಕ್‌ವೀಡ್ ಅಂತೆ. ನಮ್ಮ ಮನೆಗೆ ಓಡಿಬಂದರು. "ಮುಕುಂದ್, ಇದು ಎಕ್ಕದ ದಾಯಾದಿ ಕಣ್ರೀ! ಬಾಟನಿ ಪುಸ್ತಕದಲ್ಲೇ ಇದೆ!" ಎರಡು ವರ್ಷದಲ್ಲಿ ಅವರ ಮುಂದಿನ ಅಂಗಳದ ತುಂಬ ಎದೆಯುದ್ದದ ಗಿಡಗಳು. ಅಲ್ಲಿ ಲಾನ್ ಇತ್ತೆಂಬುದಕ್ಕೆ ಕುರುಹೇ ಉಳಿಯಲಿಲ್ಲ. ರಥಸಪ್ತಮಿ ಬರುವುದು ಹಿಮ ಬೀಳುವ ಕಾಲದಲ್ಲಿ. ಆಗ ಎಲೆ ಎಲ್ಲಿಂದ ಬರಬೇಕು? ಅದಕ್ಕೂ ವಿಜ್ಞಾನಿಗಳ ಬಳಿ ಉಪಾಯವಿತ್ತು. ಏಳು ಒಳ್ಳೆಯ ಎಲೆ ಆರಿಸಿ, ಒರೆಸಿ, ಐಸ್‌ಕ್ರೀಮ್ ಡಬ್ಬಿಯ ಪಕ್ಕ ಫ್ರೀಜರಿನಲ್ಲಿಟ್ಟರು. ಹನ್ನೆರಡು ಕನ್ನಡ ಮನೆಗಳಿಗೆ ಫೋನ್ ಮಾಡಿ, "ಈ ಸಲ ಶಾಸ್ತ್ರೋಕ್ತ ಸ್ನಾನ, ನೋಡೋಕೆ ಬನ್ನಿ" ಎಂದು ಕರೆದರು. ನೋಡುವುದು ಏನನ್ನು ಎಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಗಿಡಕ್ಕೆ ಹುಳು ಬಿತ್ತು. ಹಳದಿ, ಕಪ್ಪು, ಬಿಳಿ ಪಟ್ಟೆಯವು. ಅವರ ಮಗಳು ಕಲಾ, ಎಂಟು ವರ್ಷದವಳು, ಮೂರನ್ನು ಹಿಡಿದು ಉಪ್ಪಿನಕಾಯಿ ಜಾಡಿಗೆ ಹಾಕಿಕೊಂಡಳು. ಅವು ಮೋನಾರ್ಕ್ ಚಿಟ್ಟೆಯಾಗುತ್ತವೆ, ಈ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ ಎಂದು ಅವಳ ಟೀಚರ್ ಹೇಳಿದ್ದರು. ಅಪ್ಪನೂ ದಿನಾ ಎಲೆ ಕಿತ್ತು ಕೊಡತೊಡಗಿದರು. ಕಂಪನಿಗೆ ಗೊತ್ತಾಗಿದ್ದರೆ ಕೆಲಸ ಹೋಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಟೌನ್‌ಶಿಪ್ ಆಫೀಸಿನಿಂದ ಕಾಗದ ಬಂತು: ಕಳೆ ಕತ್ತರಿಸಿ, ಹತ್ತು ದಿನ ಗಡುವು. ಯಾರೋ ಫೋನಿನಲ್ಲಿ ದೂರು ಕೊಟ್ಟಿದ್ದರು. ಆ ಯಾರೋ ನಾನೇ. ದೇಶದ ಮಾನ ಉಳಿಸಬೇಕಿತ್ತಲ್ಲ.

ಹತ್ತು ದಿನ ಇತ್ತು, ನಿಜ. ಆದರೆ ಸಿಟಿಜನ್‌ಶಿಪ್ ಅರ್ಜಿ ಹಾಕಿ ಕೂತವರಿಗೆ ಸರ್ಕಾರಿ ಲಕೋಟೆ ಕಂಡರೆ ಕೈಕಾಲು ಆಡುವುದಿಲ್ಲ. ಅವತ್ತು ಸಂಜೆಯೇ ಅಶ್ವತ್ಥನಾರಾಯಣ ಇಡೀ ಅಂಗಳ ಬೋಳಿಸಿ, ಚೀಲ ಕಟ್ಟಿ, ಕಸದ ಗಾಡಿಗೆ ಕೊಟ್ಟುಬಿಟ್ಟರು. ಜಾಡಿಯ ನೆನಪಾದದ್ದು ಮಾರನೆಯ ದಿನ.

"ದೇ ಆರ್ ಹಂಗ್ರಿ, ಡ್ಯಾಡಿ," ಎಂದಳು ಕಲಾ.

ಎಲೆ ಹುಡುಕಲು ಹೊರಟಾಗ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಹೈವೇಯ ಬದಿಯನ್ನು ಪೂರ್ತಿ ಕತ್ತರಿಸಿದ್ದರು. ಹೊಲದ ಅಂಚಿನಲ್ಲಿದ್ದವು ಹಳದಿಯಾಗಿ ಒಣಗಿದ್ದವು. ಹಿಂದಿನ ಸೀಟಿನಲ್ಲಿ ಕಲಾ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲ್ಲೇ ಬಾಯಿಬಿಡಬಹುದಿತ್ತು. ನಾನು ಹವಾಮಾನದ ಬಗ್ಗೆ ಮಾತಾಡಿದೆ.

ಮನೆಗೆ ಬಂದು ಅವರು ಫ್ರೀಜರಿನ ಮುಂದೆ ಬಹಳ ಹೊತ್ತು ನಿಂತರು. "ಹೋಗ್ಲಿ ಬಿಡಿ, ಅವೂ ಸೂರ್ಯನ ಮಕ್ಕಳೇ," ಎಂದರು ಕೌಸಲ್ಯಾ. ಅಶ್ವತ್ಥನಾರಾಯಣ ಮೊದಲ ಎಲೆಯನ್ನು ನೀರಿನಲ್ಲಿ ನೆನೆಸಿ, ಒರೆಸಿ ಕೊಟ್ಟರು. ಹುಳುಗಳು ಮಡಿ ಮೈಲಿಗೆ ನೋಡದೆ ಮುಕ್ಕಿದವು. ಎರಡು ದಿನದಲ್ಲಿ ಏಳೂ ಮುಗಿದವು, ಹುಳುಗಳು ಜಾಡಿಯ ಮುಚ್ಚಳಕ್ಕೆ ಜೋತುಬಿದ್ದು ಕೋಶ ಕಟ್ಟಿಕೊಂಡವು. ತಿಂಗಳ ಕೊನೆಗೆ ಮೂರು ಚಿಟ್ಟೆಗಳು ದಕ್ಷಿಣಕ್ಕೆ ಹಾರಿದವು.

ರಥಸಪ್ತಮಿಯ ದಿನ ಮೊಣಕಾಲುದ್ದ ಹಿಮ. ಹನ್ನೆರಡು ಮನೆಯವರಲ್ಲಿ ಬಂದವನು ನಾನೊಬ್ಬನೇ. ಎದುರುಮನೆಯ ಬ್ರುನೆಟ್ಟಿ, ಪಾಪ, ಬೆಳಿಗ್ಗೆಯೇ ಬಂದು ಇವರ ಡ್ರೈವ್‌ವೇಯ ಹಿಮವನ್ನೂ ತಳ್ಳಿಕೊಟ್ಟು ಹೋಗಿದ್ದ. ಅಶ್ವತ್ಥನಾರಾಯಣ ಬರಿಯ ನೀರಿನಲ್ಲಿ ಮಿಂದು ಬಂದು, ಕಿಟಕಿಯಿಂದ ಅವನ ಮನೆಯನ್ನು ನೋಡುತ್ತ ಹಲ್ಲು ಕಡಿದರು.

"ಕಂಪ್ಲೇಂಟ್ ಕೊಟ್ಟೋನು ಇವನೇ. ಐದು ತಿಂಗಳಿಂದ ಮಾತಾಡಿಸಿಲ್ಲ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಮುಕುಂದ್, ಬನ್ನಿ, ಈಗ್ಲೇ ಹೋಗಿ ಕೇಳೋಣ."

ಅವರು ಬೂಟು ಹಾಕಿಕೊಳ್ಳತೊಡಗಿದರು. ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು.

"ಅವನಲ್ಲ. ನಾನು," ಎಂದೆ.

ಪಾಯಸ ಬಡಿಸುತ್ತಿದ್ದ ಕೌಸಲ್ಯಾರ ಸೌಟು ನಿಂತಿತು. ಅಶ್ವತ್ಥನಾರಾಯಣ ಒಂದು ಕಾಲಿಗೆ ಬೂಟು ಹಾಕಿಕೊಂಡು ಹಾಗೇ ಕೂತರು.   ಕಲಾ ಹತ್ತಿರ ಬಂದು, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಡಿಡ್ ದೇ ಈಟ್ ಯುವರ್ ಲಾನ್, ಅಂಕಲ್?"

"ಇಲ್ಲಮ್ಮ," ಎಂದೆ. ನನ್ನ ಲಾನಿನಲ್ಲಿ ಅವು ತಿನ್ನುವಂಥದ್ದು ಏನೂ ಇರಲಿಲ್ಲ.