ಗುಡ್ಡ ಹತ್ತುವ ಟಂಟಂಗೊಂದು ಪಾಸ್

ಸೋತ ಚರ್ಚೆಗಳು ನನಗೆ ನೆನಪಿಲ್ಲ. ಗೆದ್ದದ್ದೊಂದು ಮಾತ್ರ ಈಗಲೂ ಚುಚ್ಚುತ್ತದೆ.

ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯ ಚಾಚಾ ಟಂಟಂ ಆಟೋ ಓಡಿಸುತ್ತಾರೆ. ಸೋಮವಾರ ಗುಡಿಗೆ, ಗುರುವಾರ ದರ್ಗಾಕ್ಕೆ, ಮೊಣಕಾಲು ನೋವಿನ ಮುದುಕಿಯರನ್ನು ಗುಡ್ಡದ ಮೇಲೆ ಕರೆದೊಯ್ಯುವುದು ಅವರ ಖಾಯಂ ಬಾಡಿಗೆ. ಗುಡಿಗೂ ದರ್ಗಾಕ್ಕೂ ಗುಡ್ಡದ ಮೇಲಿನ ಉದ್ಯಾನದ ಗೇಟು ದಾಟಿಯೇ ಹೋಗಬೇಕು. ಆ ಉದ್ಯಾನಕ್ಕೆ ಹೊಸ ಶುಲ್ಕದ ಸರ್ಕಾರಿ ಕರಡು ಹೊರಬಿದ್ದಾಗ ಆ ಹಾಳೆ ಹಿಡಿದು ನಮ್ಮ ಕಟ್ಟೆಗೆ ಬಂದರು. ಸ್ವಂತ ಕಾರಿಗೆ ಒಂದು ದರ, ಬಾಡಿಗೆ ವಾಹನಕ್ಕೆ ಪ್ರತಿ ಸಲವೂ ಅದರ ದುಪ್ಪಟ್ಟು. ಡೇರೆ ಹಾಕಿ ಉಳಿಯುವವರಿಗೆ ಬೇರೆ ಪರವಾನಗಿ. ಆಕ್ಷೇಪಣೆ ಇದ್ದವರು ಬರೆದುಕೊಡಬೇಕು.

"ವಕೀಲವ್ವಾ, ಒಂದ್ ಅರ್ಜಿ ಬರದ್ ಕೊಡ. ತಿಂಗಳಿಗೊಂದ ಪಾಸ್ ಮಾಡ್ರಿ ಅಂತ. ಅಷ್ಟ."

"ಅಷ್ಟ ಅಲ್ರಿ ಚಾಚಾ. ಶುಲ್ಕಾನ ತಪ್ಪೈತಿ."

"ತಪ್ಪರೆ ಇರಲಿ, ಒಪ್ಪರೆ ಇರಲಿ, ನನಗ ಪಾಸ್ ಬೇಕೈತಿ."

ರೋಣ, ನರಗುಂದ ತಿರುಗಿ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು; ವಕೀಲವ್ವ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ರಿಯಾಯಿತಿ ಕೇಳುವುದೆಂದರೆ ಅರ್ಧ ಸೋತ ಹಾಗೆ ಎಂದೇ ಕಲಿತಿದ್ದೆ. ಎರಡು ಪುಟ ಬರೆದೆ. ವಾಹನದಿಂದ ಗುಡ್ಡಕ್ಕೆ ಹಾನಿ ಎಂದಾದರೆ ದುಡ್ಡು ಕೊಟ್ಟವನ ಹೊಗೆ ಹಾನಿ ಮಾಡುವುದಿಲ್ಲವೇ? ಹಾನಿಯೇ ಇಲ್ಲವೆಂದಾದರೆ ಶುಲ್ಕ ಯಾತಕ್ಕೆ? ಡೇರೆಗೂ ಇದೇ ಪ್ರಶ್ನೆ. ಚಾಚಾ ಸಹಿ ಹಾಕಿದರು.

ಆಕ್ಷೇಪಣೆಗಳ ವಿಚಾರಣೆಯ ದಿನ ಅವರ ಪರವಾಗಿ ನಾನೇ ಎದ್ದು ನಿಂತೆ. "ಪಾಸಿನ ಮಾತ್ ಹೇಳ್ವಾ, ಪಾಸಿನ ಮಾತ್" ಎಂದು ಚಾಚಾ ಹಿಂದಿನಿಂದ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಮಾತಿನ ಓಟ ತಪ್ಪುತ್ತದೆಂದು ತಿರುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮೇಜಿನ ಆಚೆ ಕೂತ ಅಧಿಕಾರಿ ಬರೆದುಕೊಳ್ಳುತ್ತಲೇ ಇದ್ದರು. "ಖರೇ ಮಾತು, ಒಪ್ಪಿದೆವ್ರಿ" ಎಂದರು.

ಖರೇನೇ ಒಪ್ಪಿದ್ದರು. ತಿದ್ದಿದ ಕರಡಿನಲ್ಲಿ ಶುಲ್ಕವಿರಲಿಲ್ಲ. ವಾಹನವೂ ಇರಲಿಲ್ಲ, ಡೇರೆಯೂ ಇರಲಿಲ್ಲ. ಕೊನೆಯ ತೀರ್ಮಾನದವರೆಗೆ ಎಲ್ಲರೂ ಮೆಟ್ಟಿಲು ಹತ್ತಿಯೇ ಹೋಗಬೇಕು. ಕಾರಣವೆಂದು ಕೊಟ್ಟದ್ದು ಹೆಚ್ಚುಕಡಿಮೆ ನನ್ನದೇ ವಾಕ್ಯ.

ಚಾಚಾ ಸಿಟ್ಟು ಮಾಡಲಿಲ್ಲ. "ಕುಸ್ತಿ ಗೆದ್ದಿ ಬಿಡ್ವಾ. ಇನ್ನ ಮುದಕ್ಯಾರ್ನ ನೀನ ಹೊತ್ಕೊಂಡ್ ಹೋಗ."

"ನಾ ಬಂದ್ ಮಾಡ್ರಿ ಅಂದಿಲ್ರಿ."

"ಅನ್ನಲಿಲ್ಲ. ಎರಡ ಬಾಗಲಾ ತೋರಿಸಿದಿ. ಅವರಿಗೆ ಯಾವ್ದ ಸಲೀಸ ಆತು, ಅದರಾಗ ಹೊಕ್ರು."

ಆಮೇಲೆ ಕೇಳಿದೆ, ದುಪ್ಪಟ್ಟು ಬರೆದವರಿಗೆ ರೊಕ್ಕ ಕೊಡಲು ನಿಮಗೇಕೆ ಅಷ್ಟು ಆಸೆ ಎಂದು.

"ಗೇಟಿನ್ಯಾಂವ ಮನಸ್ ಬಂದ್ರ ಬಿಡ್ತಿದ್ದ, ಇಲ್ಲಾಂದ್ರ 'ಏ, ತಿರುಗಿಸ್ಕೊ' ಅಂತಿದ್ದ. ಗಾಡ್ಯಾಗ ಕುಂತ ಮುದಕ್ಯಾರ ಮುಂದ ನಾ ಅವಂಗ ಕೈ ಮುಗೀಬೇಕು. ಪಾಸ್ ಇದ್ರ ತೋರಿಸಿ ಹೋಗ್ತಿದ್ನಿ, ಯಾಕ ಕೈ ಮುಗೀಲಿ?"

ಬಾಡಿಗೆ ವಾಹನಕ್ಕೆ ದುಪ್ಪಟ್ಟು ಕೇಳುವುದು ಅನ್ಯಾಯ ಎಂಬ ವಾದವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಆದರೆ ಶುಲ್ಕ ಎಂದೊಡನೆ ಕಿತ್ತುಕೊಳ್ಳುವ ಕೈಯೊಂದೇ ನನಗೆ ಕಂಡಿತ್ತು. ದುಡ್ಡು ಕೊಟ್ಟು ಪಡೆದ ಒಂದು ಚೀಟಿ ಒಬ್ಬರನ್ನು ತಲೆಯೆತ್ತಿ ಗೇಟು ದಾಟಿಸಬಲ್ಲದು ಎಂದು ಹೊಳೆದಿರಲೇ ಇಲ್ಲ. ಹೊಳೆಯುವುದು ಹೇಗೆ? ಗೇಟಿನಲ್ಲಿ ನನ್ನನ್ನು ಯಾರೂ ತಿರುಗಿಸಿ ಕಳಿಸಿರಲಿಲ್ಲ.

ಈಗ ಮುದುಕಿಯರು ಮೆಟ್ಟಿಲ ಬುಡದಲ್ಲೇ ಕೈಮುಗಿದು ಮನೆಗೆ ಮರಳುತ್ತಾರೆ. ಟಂಟಂ ಬೇರೆ ಬಾಡಿಗೆ ಹುಡುಕಿ ರಾಜೂರಿನ ದಾರಿ ಹಿಡಿದಿದೆ.

ಕೊನೆಯ ತೀರ್ಮಾನಕ್ಕೆ ಮುಂಚೆ ಇನ್ನೊಂದು ಅರ್ಜಿ ಕೊಡಲು ಅವಕಾಶವಿತ್ತು. ಚಾಚಾ ಹೇಳಿದರು, ನಾನು ಬರೆದೆ: ನಡೆಯಲಾಗದವರನ್ನು ಕರೆದೊಯ್ಯುವ ಗಾಡಿಗೆ ತಿಂಗಳ ಪಾಸ್ ಕೊಡಿರಿ, ಶುಲ್ಕ ತುಂಬುತ್ತೇವೆ. ಇನ್ನೊಂದು ಸಾಲು ಸೇರಿಸಲು ಪೆನ್ನು ಎತ್ತಿದೆ.

"ಸಾಕ್ ನಿಲ್ಲಸ್ವಾ. ನಿನ್ನ ಪೆನ್ನಿಗೆ ಬ್ರೇಕ್ ಇಲ್ಲ."

ಸಹಿ ಹಾಕುವ ಮುಂಚೆ ಅದನ್ನು ಎರಡು ಸಲ ಓದಿಸಿ ಕೇಳಿದರು. ಮೊದಲಿನ ಅರ್ಜಿಯನ್ನು ನಾನು ಅವರಿಗೆ ಒಂದು ಸಲವೂ ಓದಿ ಹೇಳಿರಲಿಲ್ಲ.