ಚುಕ್ಕೆ ಮಾಸುವ ಮುನ್ನ

ಹಳೆಯ ಕಾರನ್ನು ಮಾರುವುದೆಂದು ಕಳೆದ ವಾರ ಅದರ ಡಿಕ್ಕಿ ಖಾಲಿ ಮಾಡುತ್ತಿದ್ದೆ. ಸ್ಟೆಪ್ನಿ ಎತ್ತಿದಾಗ ಅದರ ಅಡಿಯಲ್ಲಿ ನೈಲಾನ್ ದಾರ ಸುತ್ತಿದ ಖಾಲಿ ನೀರಿನ ಬಾಟಲಿಯೊಂದು ಸಿಕ್ಕಿತು. ದಾರದ ತುದಿಗೆ ಸೀಸದ ಗುಂಡು, ಗಾಳ. ಗಾಳದ ಮೊನೆ ಯಾರಿಗೂ ಚುಚ್ಚದಿರಲೆಂದು ಸಿಕ್ಕಿಸಿಟ್ಟ ಥರ್ಮಕೋಲ್ ತುಂಡು. ಮೂಗಿನ ಹತ್ತಿರ ಹಿಡಿದೆ. ಗಾಳಕ್ಕೆ ಚುಚ್ಚುತ್ತಿದ್ದ ಬೊಂಡಾಸ್ ಮೀನಿನ ವಾಸನೆ ಇಷ್ಟು ವರ್ಷದ ಮೇಲೂ ಇತ್ತು... ಅಥವಾ ಇದೆಯೆಂದು ನನಗೆ ಅನ್ನಿಸಿತು. ಪಾರ್ಕಿಂಗಿನ ಬಿಸಿ ನೆಲದ ಮೇಲೆ ಅಲ್ಲೇ ಕುಳಿತುಬಿಟ್ಟೆ.

ಅದು ೨೦೧೦ರ ದಶಕದ ನಡುವಿನ ಮಾತು. ನಾವು ಆಗ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಒಂದು ವಿಲ್ಲಾದ ಕೆಳಭಾಗದಲ್ಲಿದ್ದೆವು. ಹೊರಗಿನಿಂದ ನೋಡಿದರೆ ಅರಮನೆ, ಒಳಗೆ ಗೋಡೆಯ ಮೇಲೆ ಗೋಡೆ ಎಬ್ಬಿಸಿ ಐದಾರು ಬಿಡಾರ. ನಾನು ಹತ್ತಿರದ ಇಂಡಿಯನ್ ಶಾಲೆಯಲ್ಲಿ ಗಣಿತದ ಮಾಸ್ತರ. ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ, ಹಿಂಬದಿಯ ಕೋಣೆಯಲ್ಲಿ, ಕುಂದಾಪುರದ ಕಡೆಯವರೊಬ್ಬರು ಒಂಟಿಯಾಗಿದ್ದರು. ಏಸಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ನಾವು ಅವರನ್ನು ಅಣ್ಣ ಎನ್ನುತ್ತಿದ್ದೆವು. ಅವರಿಗೆ ನಾನು ಮಾಷ್ಟ್ರು, ನನ್ನ ಹೆಂಡತಿ ಅಕ್ಕ. ತಮಗಿಂತ ಚಿಕ್ಕವಳನ್ನು ಅಕ್ಕ ಎಂದು ಕರೆದು ಮರ್ಯಾದೆ ಕೊಡುವ ಜಾತಿಯ ಮನುಷ್ಯ.

ಆಗ ವಾರದ ರಜೆ ಶುಕ್ರವಾರ. ಬೆಳಗಿನ ಬಾಂಗ್ ಮುಗಿಯುವುದೇ ತಡ, ಕಿಟಕಿಯ ಹೊರಗೆ ಅವರ ದನಿ.

"ಹ್ವಾಯ್ ಮಾಷ್ಟ್ರೆ, ಏಳಿ. ನೀರ್ ಏರುಕ್ ಶುರು ಆಯ್ತ್."

ಅವರ ಕಂಪನಿಯ ಪಿಕಪ್ಪಿನಲ್ಲಿ ಹೋಗುತ್ತಿದ್ದೆವು. ದಾರಿಯಲ್ಲಿ ಕೆಫೆಟೇರಿಯಾದ ಎದುರು ಹಾರ್ನ್ ಹೊಡೆದು ಎರಡು ಕಡಕ್ ಚಾ. ಊರು ದಾಟಿ ಒಂದಷ್ಟು ದೂರ ಹೋದರೆ ಸಮುದ್ರ ನೆಲದೊಳಗೆ ನುಗ್ಗಿ ಬಂದ ಖೋರ್ ಇತ್ತು. ನಮ್ಮ ಊರಿನ ಅಳಿವೆಯ ಹಾಗೆಯೇ, ಆದರೆ ಬಂದು ಸೇರಲು ನದಿಯೇ ಇಲ್ಲ. ದಡದಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು, ಅದರಾಚೆ ಬಿಳಿ ಮರಳು. ಅವರು ಮೊಣಕಾಲವರೆಗೆ ನೀರಿಗಿಳಿದು, ಬಾಟಲಿಯಿಂದ ದಾರ ಬಿಚ್ಚಿ, ತಲೆಯ ಮೇಲೆ ಒಂದು ಸುತ್ತು ಬೀಸಿ ಎಸೆಯುತ್ತಿದ್ದರು. ನಾನು ದಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನನ್ನ ಕೈಗೂ ಒಂದು ದಾರ ಕೊಟ್ಟು ನೋಡಿದ್ದರು. ನಾನು ಹಿಡಿದದ್ದು ಅವರ ಟೊಪ್ಪಿಯನ್ನು ಮಾತ್ರ. ಆಮೇಲೆ ನನ್ನನ್ನು ಮಾತಿಗೆ ಜನ ಬೇಕೆಂದಷ್ಟೇ ಕರೆದುಕೊಂಡು ಹೋಗುತ್ತಿದ್ದರು.

ಹಿಡಿದದ್ದನ್ನೆಲ್ಲ ನಮ್ಮ ಮನೆಗೇ ತರುತ್ತಿದ್ದರು. ನನ್ನ ಹೆಂಡತಿ ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕಾಯಿಸುತ್ತಿದ್ದಳು. ಮಧ್ಯಾಹ್ನದ ಊಟ ಅವರದೂ ನಮ್ಮಲ್ಲೇ. ಆದರೆ ಅವರು ಮಾತ್ರ ಮೀನು ಮುಟ್ಟುತ್ತಿರಲಿಲ್ಲ. ಕುಚ್ಚಲಕ್ಕಿ ಅನ್ನಕ್ಕೆ ಟೊಮೆಟೊ ಸಾರು, ಉಪ್ಪಿನಕಾಯಿ, ಹಪ್ಪಳ ಇದ್ದರೆ ಆಯಿತು. ಅವರ ಎದುರು ಮೀನು ಕಾಯಿಸಲು ಮೊದಮೊದಲು ನನ್ನ ಹೆಂಡತಿಗೆ ಸಂಕೋಚ.

"ಪರಿಮಳಕ್ಕೆ ಹರಕಿ ಇಲ್ಲೆ ಅಕ್ಕ, ನೀವ್ ಕಾಯ್ಸಿ," ಎಂದು ಅವರೇ ನಕ್ಕರು. ಹರಕೆಯ ವಿಷಯ ನಮಗೆ ತಿಳಿದದ್ದು ಹಾಗೆ.

ಊರಿನಲ್ಲಿ ಅವರ ಹೆಂಡತಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿ, ಮಾತೂ ನಿಂತುಹೋಗಿತ್ತು. ಮಕ್ಕಳಿರಲಿಲ್ಲ. ಆಕೆಯ ತಂಗಿ ಜೊತೆಗಿದ್ದು ನೋಡಿಕೊಳ್ಳುತ್ತಿದ್ದಳು. ಅಣ್ಣ ಇಲ್ಲಿಯ ಕೆಲಸ ಬಿಟ್ಟರೆ ಅಲ್ಲಿಯ ಔಷಧಿ ನಿಲ್ಲುತ್ತದೆ, ಬಿಡದಿದ್ದರೆ ಹೆಂಡತಿಯ ಮುಖ ನೋಡುವ ಹಾಗಿಲ್ಲ. ಹೊರಟು ಬರುವ ದಿನ ಮನೆದೇವರ ಎದುರು ಕೈಮುಗಿದು ಹೇಳಿಕೊಂಡಿದ್ದರಂತೆ: ಇವಳು ಎದ್ದು ನಿಂತು, ತನ್ನ ಬಲಗೈಯಲ್ಲೇ ಬಡಿಸುವ ದಿನದವರೆಗೆ ನಾನು ಮೀನು ತಿನ್ನುವುದಿಲ್ಲ. ಸಮುದ್ರದ ಬದಿಯಲ್ಲಿ ಹುಟ್ಟಿದವರಿಗೆ ಇದು ಎಂಥ ಹರಕೆ ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಮತ್ತೆ ವಾರ ವಾರ ಹಿಡಿಯುವುದು ಯಾಕೆ?" ಎಂದು ಕೇಳಿದ್ದೆ.

"ಹಿಡೂಕಾಗ ಅಂತ ಹೇಳ್ಕಂಡಿಲ್ಲೆ ಮಾಷ್ಟ್ರೆ, ತಿಂಬುಕಾಗ ಅಂತ ಮಾತ್ರ," ಎಂದರು.

ಕಾರಣ ಅದಲ್ಲವೆಂದು ಬರಬರುತ್ತ ಗೊತ್ತಾಯಿತು. ಇಲ್ಲಿಂದ ವಿಡಿಯೋ ಕಾಲ್ ಹೋಗುತ್ತಿರಲಿಲ್ಲ, ಪಟ ಮತ್ತು ಧ್ವನಿ ಮೆಸೇಜ್ ಹೋಗುತ್ತಿದ್ದವು. ಅವರು ಒಮ್ಮೆ ತಮಾಷೆಗೆಂದು, ಹಿಡಿದ ಮೀನಿನ ಪಟ ಕಳಿಸಿದ್ದರು. ಅದು ಶೇರಿ ಮೀನು. ಗಲ್ಫಿನಲ್ಲಿ ಇದ್ದವರು ತಿನ್ನದೇ ಇರುವ ಮೀನಲ್ಲ, ಆದರೆ ನೀರಿನಿಂದ ಎತ್ತಿದ ಕ್ಷಣದಲ್ಲಿ ಅದನ್ನು ನೋಡಿದವರು ಕಡಿಮೆ. ಹಳದಿ ಮೈತುಂಬ ನೀಲಿ ಚುಕ್ಕೆಗಳು ಫಳಫಳ ಹೊಳೆಯುತ್ತವೆ. ಆ ಪಟ ನೋಡಿ, ತಿಂಗಳುಗಟ್ಟಲೆ ಬಾಯಿ ತೆರೆಯದ ಆಕೆ "ಚು... ಚುಕ್ಕಿ" ಅಂದಳಂತೆ. ತಂಗಿ ಅದನ್ನು ಮತ್ತೊಮ್ಮೆ ಹೇಳಿಸಿ, ಧ್ವನಿ ಮೆಸೇಜ್ ಮಾಡಿ ಕಳಿಸಿದಳು. ಅಣ್ಣ ಫೋನನ್ನು ಕಿವಿಗೆ ಒತ್ತಿಕೊಂಡು ನೀರಿನಲ್ಲೇ ನಿಂತಿದ್ದರು. ನನಗೂ ಕೇಳಿಸಿದರು. ತೊದಲು ಮಾತು, ಹಿಂದಿನಿಂದ ತಂಗಿಯ ನಗು. ಅಂದಿನಿಂದ ಶುಕ್ರವಾರ ತಪ್ಪಲಿಲ್ಲ.

ಶೇರಿ ಸಿಕ್ಕಿತೆಂದರೆ ಅವರ ಅವಸರ ನೋಡಬೇಕಿತ್ತು. ಆ ಚುಕ್ಕೆಗಳು ಮೀನಿನ ಜೀವ ಇರುವವರೆಗೆ ಮಾತ್ರ, ಆಮೇಲೆ ನೋಡನೋಡುತ್ತ ಮಂಕಾಗುತ್ತವೆ. ಗಾಳ ಬಿಡಿಸುವ ಮೊದಲೇ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಬೇಗ ಮಾಷ್ಟ್ರೆ, ಪಟ ತೆಗಿರಿ, ಚುಕ್ಕಿ ಮಾಸತ್ತ್!" ಎಂದು ಕೂಗುತ್ತಿದ್ದರು. ನಾನು ಉತ್ತರಪತ್ರಿಕೆಗಳ ಮೇಲೆ ಕಲ್ಲಿಟ್ಟು ಓಡುತ್ತಿದ್ದೆ. ಪಟ ಹೋಗುತ್ತಿತ್ತು. ನಾವಿಬ್ಬರೂ ಫೋನನ್ನೇ ನೋಡುತ್ತ ನಿಲ್ಲುತ್ತಿದ್ದೆವು. ಉತ್ತರ ಬಂದಮೇಲೆಯೇ ಮತ್ತೆ ದಾರ ಎಸೆಯುವುದು. ಬುಟ್ಟಿಯ ಬೊಂಡಾಸ್ ತುಂಡು ಮುಗಿದರೆ ಕೈ ಝಾಡಿಸಿ "ಖಲಾಸ್!" ಎನ್ನುವರು, ನಾನು ಕುರ್ಚಿ ಮಡಚುವೆ.

ಅಲ್ಲಿಂದ ಬರುವ ಸುದ್ದಿಯೂ ಒಳ್ಳೆಯದೇ ಆಗುತ್ತ ಬಂತು. ಬೆರಳು ಅಲ್ಲಾಡಿತು. ಗೋಡೆ ಹಿಡಿದು ನಿಂತಳು. ಒಂದು ಶುಕ್ರವಾರ "ಇವತ್ತ್ ಬಲಗೈಯಗೆ ಚಮಚ ಹಿಡ್ದ್ಲಂಬ್ರ್!" ಎನ್ನುತ್ತ ಅವರು ನಮ್ಮ ಅಡುಗೆಮನೆಗೇ ಬಂದರು. ನನ್ನ ಹೆಂಡತಿ ಕೈಯಲ್ಲಿದ್ದ ಸೌಟು ಎತ್ತಿ ತೋರಿಸಿ, "ಚಮಚ ಆಯ್ತಲ್ಲ ಅಣ್ಣ, ಇನ್ನು ಸೌಟು ಎಷ್ಟು ದೂರ!" ಎಂದಳು. ಆ ದಿನದಿಂದ ಅವಳದೊಂದೇ ರಾಗ, ಹರಕೆ ತೀರಿದ ಮೇಲೆ ಅಣ್ಣನಿಗೆ ಮೊದಲ ಮೀನೂಟ ಅತ್ತಿಗೆಯ ಕೈಯದು, ಎರಡನೆಯದು ತನ್ನದು. ಅವರಿಗೆಂದೇ ಊರಿನಿಂದ ಬ್ಯಾಡಗಿ ಮೆಣಸು ತರಿಸಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದಳು.

ಆಮೇಲೆ ಒಂದು ದಿನ ಅವರ ಕೋಣೆಗೆ ಬೀಗ ಬಿದ್ದಿತ್ತು. ಎಮರ್ಜೆನ್ಸಿ ರಜೆಯಲ್ಲಿ ಊರಿಗೆ ಹೋದರೆಂದು ಪಕ್ಕದ ಬಿಡಾರದವರು ಹೇಳಿದರು. ನಾನು ಮಾಡಿದ ಕರೆಗೆ ಉತ್ತರವಿಲ್ಲ. "ಬಂದು ಹೇಳ್ತೆ" ಎಂದು ಒಂದು ಮೆಸೇಜ್ ಮಾತ್ರ ಬಂತು. ಏನೋ ಆಗಿದೆ ಎಂದು ಹೆದರಿದೆವು. ದಿನ ಕಳೆದು ಬೇರೆ ಸುದ್ದಿ ಬಾರದಾದಾಗ, ಕೆಟ್ಟದ್ದಾಗಿದ್ದರೆ ಇಷ್ಟರಲ್ಲಿ ಗೊತ್ತಾಗುತ್ತಿತ್ತಲ್ಲ ಎಂದು ನಾವೇ ಧೈರ್ಯ ತಂದುಕೊಂಡೆವು. ಗಲ್ಫಿನಲ್ಲಿ ಇದ್ದವರು ಹಾಗೇ ಯೋಚಿಸಲು ಕಲಿತಿರುತ್ತಾರೆ.

ಒಂದು ತಿಂಗಳ ಮೇಲೆ, ಶುಕ್ರವಾರ ಬೆಳಗಿನ ಜಾವ, ಕಿಟಕಿಯ ಹೊರಗೆ ಅದೇ ದನಿ. "ಮಾಷ್ಟ್ರೆ, ಬತ್ರ್ಯಾ?" ಹಿಂದಿನ ರಾತ್ರಿಯಷ್ಟೇ ಬಂದಿಳಿದಿದ್ದರಂತೆ. ಪಿಕಪ್ ಕಂಪನಿಗೆ ವಾಪಸ್ಸಾಗಿತ್ತು, ನನ್ನ ಕಾರಿನಲ್ಲೇ ಹೊರಟೆವು. ಟೊಪ್ಪಿಯ ಅಡಿಯಲ್ಲಿ ಕೂದಲನ್ನು ಸಣ್ಣಗೆ ಕತ್ತರಿಸಿಕೊಂಡಿದ್ದರು. ಊರಿಗೆ ಹೋದವರು ಹಾಗೆ ಕತ್ತರಿಸಿಕೊಂಡು ಬರುವುದು ಹೊಸದೇನಲ್ಲ. ಅತ್ತಿಗೆ ಹೇಗಿದ್ದಾರೆ ಎಂದು ಕೇಳಿದೆ. "ಹೇಳ್ತೆ," ಎಂದು ರಸ್ತೆ ನೋಡಿದರು. ಪ್ರಯಾಣದ ಸುಸ್ತು ಎಂದುಕೊಂಡೆ.

ಮೊದಲ ಎಸೆತಕ್ಕೇ ಶೇರಿ ಸಿಕ್ಕಿತು. ದೊಡ್ಡದು. ನಾನು ಎದ್ದು ಓಡಿದೆ. ಆದರೆ ಅವರು ಅವಸರ ಮಾಡಲಿಲ್ಲ, ಕೂಗಲೂ ಇಲ್ಲ. ಮೀನನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ತಾವೇ ಪಟ ತೆಗೆದರು. ತೆಗೆದು ಫೋನನ್ನು ನೋಡುತ್ತ ನಿಂತರು. ಬಹಳ ಹೊತ್ತು ನಿಂತರು... ಸಿಗ್ನಲ್ ಇಲ್ಲವೇ ಎಂದೆ. ತಲೆಯಾಡಿಸಿ ಫೋನನ್ನು ಜೇಬಿಗೆ ಹಾಕಿದರು. ಅಷ್ಟರಲ್ಲಿ ಚುಕ್ಕೆಗಳು ಮಾಸಿದ್ದವು. ಬುಟ್ಟಿಯಲ್ಲಿ ಬೊಂಡಾಸ್ ತುಂಬ ಉಳಿದಿದ್ದರೂ ದಾರ ಸುತ್ತಿ ಬಾಟಲಿಯನ್ನು ಕಾರಿನ ಡಿಕ್ಕಿಯೊಳಗೆ ಎಸೆದರು.

ಮಧ್ಯಾಹ್ನ ನನ್ನ ಹೆಂಡತಿ ಎಂದಿನಂತೆ ಅವರ ಅನ್ನಕ್ಕೆ ಸಾರು ಹಾಕಿದಳು. ಅವರು ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಿದರು.

"ಅಕ್ಕ, ನಂಗೂ ಒಂದ್ ತುಂಡ್ ಹಾಕಿ."

ಒಂದು ಕ್ಷಣ ಅವಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದದ್ದೇ ಸೌಟು ಹಿಡಿದು ಕುಣಿಯುವುದೊಂದು ಬಾಕಿ. "ಅತ್ತಿಗೆ ಬಡಿಸಿದ್ರಾ? ಎದ್ದು ಬಡಿಸಿದ್ರಾ! ಎಂತ ಅಣ್ಣ ನೀವು, ಇಷ್ಟು ದೊಡ್ಡ ಸುದ್ದಿ ಹೊಟ್ಟೆಯಲ್ಲಿ ಇಟ್ಕೊಂಡು ಕೂತಿದ್ದೀರಲ್ಲ ಮಾರಾಯ್ರೆ!" ಎಂದು ಎಲ್ಲಕ್ಕಿಂತ ದೊಡ್ಡ ತುಂಡನ್ನು ಹಾಕಿದಳು. ಅದು ಮುಗಿಯುವ ಮೊದಲೇ ಇನ್ನೊಂದು ಹಾಕಿದಳು. ಅವರು ತಲೆ ಎತ್ತಲಿಲ್ಲ, ಬೇಡ ಎನ್ನಲಿಲ್ಲ. ಮುಳ್ಳು ಬಿಡಿಸಿ ಬಿಡಿಸಿ, ಒಂದು ಎಳೆಯೂ ಬಿಡದೆ ತಿಂದರು. ನಾನೂ ನಗುತ್ತಿದ್ದೆ. ಶ್ಯಾವಿಗೆ ಪಾಯಸ ಮಾಡುತ್ತೇನೆಂದು ಅವಳು ಒಳಗೆ ಓಡಿದಳು.

ಕೈ ತೊಳೆಯುವಾಗ ನಾನು ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅವರು ನಲ್ಲಿ ನಿಲ್ಲಿಸಲಿಲ್ಲ. ನೀರಿನ ಸದ್ದಿನೊಳಗೇ ಹೇಳಿದರು.

"ಬಡ್ಸುಕೆ ಅವ್ಳಿಲ್ಲೆ ಮಾಷ್ಟ್ರೆ. ಬೊಜ್ಜ, ತಿಥಿ ಎಲ್ಲ ಮುಗ್ಸಿಯೇ ಬಂದದ್ದ್. ಇನ್ನ್ ಯಾರಿಗಂತ ಮೀನ್ ಬಿಡೂದ್... ಖಲಾಸ್."

 ನಾನು ಅವರ ತೋಳು ಹಿಡಿದುಕೊಂಡೆ. ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಗುನುಗುತ್ತ ಗೋಡಂಬಿ ಹುರಿಯುತ್ತಿದ್ದಳು. ಅವರು ಆ ಕಡೆ ನೋಡಿ ದನಿ ಇನ್ನೂ ತಗ್ಗಿಸಿದರು.

"ಅಕ್ಕಂಗೆ ಈಗ ಹೇಳ್ಬೇಡಿ. ಅವ್ರದ್ದಿನ್ನೂ ಊಟ ಆಯ್ಲಿಲ್ಲೆ. ಉಂಡ್ ಏಳ್ಲಿ."

ಪಾಯಸವನ್ನೂ ಕುಡಿದು ಹೋದರು. ಆಮೇಲೆ ನನ್ನ ಹೆಂಡತಿ ತಟ್ಟೆ ಹಾಕಿಕೊಂಡು ಕೂತಳು, ಊಟದ ತುಂಬ ಅತ್ತಿಗೆಯ ಮಾತೇ. ಅವಳೆದುರು ಕೂತು ಹೂಂಗುಟ್ಟಿದ ಆ ಹೊತ್ತಿನಷ್ಟು ಕಷ್ಟದ ಹೊತ್ತು ನನ್ನ ಬಾಳಿನಲ್ಲಿ ಬಂದಿಲ್ಲ. ಅವಳು ಕೈ ತೊಳೆದು ಬಂದ ಮೇಲೆ ಹೇಳಿದೆ. ಅವಳು ಅತ್ತದ್ದು ಹಿಂದಿನ ಕೋಣೆಗೂ ಕೇಳಿಸಿರಬೇಕು.

ಅವರು ಮತ್ತೆ ಮೀನು ಹಿಡಿಯಲು ಹೋಗಲಿಲ್ಲ. ಕೆಲವು ತಿಂಗಳಲ್ಲಿ ವೀಸಾ ರದ್ದು ಮಾಡಿಸಿ ಊರಿಗೆ ಹೊರಟರು. ಸ್ವಲ್ಪ ಕಾಲ ಫೋನಿತ್ತು, ಬರಬರುತ್ತ ವಿರಳವಾಯಿತು. ನಂಬರು ಬದಲಾದ ಮೇಲೆ ಅದೂ ಇಲ್ಲ. ಈಗ ಎಲ್ಲಿದ್ದಾರೋ, ಇದ್ದಾರೋ... ಗೊತ್ತಿಲ್ಲ. ಸೂಪರ್ ಮಾರ್ಕೆಟ್ಟಿನ ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸಿದ ಮಂಕು ಶೇರಿಗಳನ್ನು ಕಂಡಾಗಲೆಲ್ಲ ನಾನು ಬೇರೆ ಕಡೆಗೆ ತಿರುಗುತ್ತೇನೆ. ಆಮೇಲೆ ನಮ್ಮ ಮನೆಗೆ ಆ ಮೀನು ಬಂದೇ ಇಲ್ಲ.

ಕಾರು ಕೊಳ್ಳುವವರು ಬರುವ ಹೊತ್ತಾಯಿತೆಂದು ನನ್ನ ಹೆಂಡತಿ ಕೆಳಗಿಳಿದು ಬಂದಳು. ನೆಲದ ಮೇಲೆ ಕೂತಿದ್ದ ನನ್ನನ್ನು ನೋಡಿ ಗದರಲು ಬಾಯಿ ತೆರೆದವಳಿಗೆ ಬಾಟಲಿ ಕಂಡಿತು. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಸಡಿಲವಾಗಿದ್ದ ದಾರವನ್ನು ಮೆಲ್ಲಗೆ ಸುತ್ತತೊಡಗಿದಳು.

"ಎರಡನೇ ತುಂಡು ಅವರು ಕೇಳಿರ್ಲಿಲ್ಲ," ಎಂದಳು. "ನಾನೇ ಹಾಕಿದ್ದು... ನಗ್ತಾ ಹಾಕಿದ್ದು."